ಮೊದಲ ಸ್ಪ್ರಿಂಗ್ ಏರ್ ರೈಫಲ್: ಬ್ರೇಕ್ ಬ್ಯಾರೆಲ್, ಅಂಡರ್‌ಲಿವರ್, ಸೈಡ್‌ಲಿವರ್ ಇವುಗಳಲ್ಲಿ ಯಾವುದನ್ನು ಆರಿಸಲಿ?

ಎಡಗೈ_ಗುರಿ (ವುಲ್ವರ್‌ಹ್ಯಾಂಪ್ಟನ್), ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆ ಕಡೆಯವಳು. ಆರು ವರ್ಷಗಳಿಂದ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತಿದ್ದೇನೆ. ಕಳೆದ ಬೇಸಿಗೆಯಲ್ಲಿ ಮನೆಗೆ ಹತ್ತಿರದ ಏರ್ ರೈಫಲ್ ಕ್ಲಬ್ಬೊಂದಕ್ಕೆ ಸೇರಿಕೊಂಡೆ. ಇಷ್ಟು ದಿನ ಕ್ಲಬ್ಬಿನ ರೈಫಲ್‌ಗಳನ್ನೂ ಹಿರಿಯ ಸದಸ್ಯರು ಪ್ರೀತಿಯಿಂದ ಕೊಟ್ಟ ರೈಫಲ್‌ಗಳನ್ನೂ ಬಳಸುತ್ತಿದ್ದೆ. ಈಗ ನನ್ನದೇ ಒಂದನ್ನು ಕೊಳ್ಳಬೇಕೆಂದಿದ್ದೇನೆ. ಗಾಳಿ ತುಂಬಿಸುವ ಸಿಲಿಂಡರು, ಪಂಪುಗಳ ಗೊಡವೆ ಬೇಡವೆಂದು ಸ್ಪ್ರಿಂಗ್ ರೈಫಲ್ಲನ್ನೇ ನಿಶ್ಚಯಿಸಿದ್ದೇನೆ. ಕ್ಯಾಲಿಬರ್ 4.5 ಮಿ.ಮೀ., ಅಂದರೆ .177 ಇಂಚು. ತೀರ್ಮಾನವಾಗದೆ ಉಳಿದಿರುವುದು ಕಾಕ್ ಮಾಡುವ, ಅಂದರೆ ಹೊಡೆಯುವ ಮೊದಲು ಸ್ಪ್ರಿಂಗನ್ನು ಎಳೆದು ಕೂರಿಸುವ ವಿಧಾನ ಯಾವುದಿರಬೇಕು ಎಂಬುದೊಂದೇ.

ಮೂರು ಬಗೆಯನ್ನೂ ಕೈಯಲ್ಲಿ ಹಿಡಿದು ನೋಡಿದ್ದೇನೆ. ಮೊದಲನೆಯದು ವೈರೌಖ್ ಎಚ್‌ಡಬ್ಲ್ಯು 30ಎಸ್, ನಳಿಗೆಯನ್ನೇ ಕೆಳಗೆ ಮಡಚಿ ಸ್ಪ್ರಿಂಗ್ ಕೂರಿಸುವ ಬ್ರೇಕ್ ಬ್ಯಾರೆಲ್. ಅದು ಹಗುರವಾಗಿತ್ತು, ಸುಲಭವಾಗಿತ್ತು, ಆದರೆ ನನ್ನ ಪೆಲೆಟ್‌ಗಳು (ಸಣ್ಣ ಸೀಸದ ಗುಂಡುಗಳು) ಕಾಗದದ ಮೇಲೆ ಎಡಕ್ಕೂ ಬಲಕ್ಕೂ ಚದುರಿದವು. ಎರಡನೆಯದು ಅದೇ ಕಂಪನಿಯ ಎಚ್‌ಡಬ್ಲ್ಯು 97. ಅದರಲ್ಲಿ ನಳಿಗೆ ಕದಲುವುದೇ ಇಲ್ಲ, ಅದರ ಅಡಿಯಲ್ಲಿರುವ ಸನ್ನೆಯನ್ನು (ಲಿವರ್) ಎಳೆಯಬೇಕು. ಹೊಡೆತಗಳೆಲ್ಲ ಒಂದೆಡೆ ಬಿದ್ದು ಗುಂಪು ಚೆನ್ನಾಗಿ ಬಿತ್ತು, ಆದರೆ ನಲವತ್ತು ಹೊಡೆತಗಳಾಗುವ ಹೊತ್ತಿಗೆ ನನ್ನ ಬಲ ಮಣಿಕಟ್ಟು ನೋಯತೊಡಗಿತು. ರೋಗಿಗಳನ್ನು ಎತ್ತಿ ಮಲಗಿಸುವ ಕೆಲಸದಲ್ಲಿ ಆ ಮಣಿಕಟ್ಟು ಮೊದಲೇ ಒಮ್ಮೆ ಉಳುಕಿತ್ತು. ಮೂರನೆಯದು ಡಯಾನಾ 52, ಬಲಪಕ್ಕದಲ್ಲಿ ಸನ್ನೆ ಇರುವ ಸೈಡ್‌ಲಿವರ್. ನಾನು ಎಡಗೈಯವಳಾದ್ದರಿಂದ ಅದನ್ನು ಹೇಗೆ ಹಿಡಿದು ಎಳೆಯಬೇಕೆಂಬುದೇ ಮೊದಲ ದಿನ ತಿಳಿಯಲಿಲ್ಲ.

ಕ್ಲಬ್ಬಿನಲ್ಲಿ ಒಬ್ಬರು ನಳಿಗೆ ಕದಲದ ರೈಫಲ್ಲೇ ನಿಖರ, ಬೇರೆಯದಕ್ಕೆ ಹಣ ಹಾಕಬೇಡ ಎನ್ನುತ್ತಾರೆ. ಇನ್ನೊಬ್ಬರು ಮೊದಲ ರೈಫಲ್ ಯಾವಾಗಲೂ ಬ್ರೇಕ್ ಬ್ಯಾರೆಲ್ಲೇ ಆಗಿರಬೇಕು ಎನ್ನುತ್ತಾರೆ. ಇಬ್ಬರೂ ಬಹಳ ವರ್ಷ ಗುರಿ ಹೊಡೆದವರೇ. ಈ ನಿಖರತೆಯ ವ್ಯತ್ಯಾಸ ನನ್ನಂಥ ಹೊಸಬಳಿಗೆ ಕಾಣುವಷ್ಟು ದೊಡ್ಡದೇ? ಎಡಗೈಯವರಿಗೆ ಯಾವುದು ಒಗ್ಗುತ್ತದೆ? ಪೆಲೆಟ್ ತುಂಬುವಾಗ ಬೆರಳಿಗೆ ಅಪಾಯವಿಲ್ಲದ ವಿಧಾನ ಯಾವುದು? ಸದ್ಯಕ್ಕೆ 25 ಗಜದ ಒಳಾಂಗಣದಲ್ಲಿ ಕಾಗದದ ಗುರಿಗೆ ಹೊಡೆಯುತ್ತೇನೆ, ಮುಂದೆ ಹೊರಗಿನ ಎಚ್‌ಎಫ್‌ಟಿ (ಹಂಟರ್ ಫೀಲ್ಡ್ ಟಾರ್ಗೆಟ್, ಬಯಲಿನಲ್ಲಿ ಬೇರೆ ಬೇರೆ ದೂರದ ಲೋಹದ ಗುರಿಗಳಿಗೆ ಹೊಡೆಯುವ ಆಟ) ಸ್ಪರ್ಧೆಗಳಿಗೂ ಹೋಗುವ ಆಸೆಯಿದೆ. ಮನೆಯಲ್ಲಿ ಹನ್ನೆರಡು ವರ್ಷದ ಮಗನಿದ್ದಾನೆ, ಅವನಿಗೂ ಕಲಿಯುವ ಉತ್ಸಾಹವಿದೆ. ಇವನ್ನೆಲ್ಲ ಗಮನದಲ್ಲಿಟ್ಟುಕೊಂಡು ತಿಳಿದವರು ದಾರಿ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಲೇತ್_ಕೆಲಸ (ಲೆಸ್ಟರ್)

ನಮಸ್ಕಾರ ಮೇಡಂ. ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತವನು ನಾನು, ಬಿಡುವಿನಲ್ಲಿ ಸ್ಪ್ರಿಂಗ್ ರೈಫಲ್‌ಗಳನ್ನು ಬಿಚ್ಚಿ ಸರಿಪಡಿಸುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರಿಸುವ ಮೊದಲು ನೀವು ಮಾಡಿದ ಹೋಲಿಕೆಯಲ್ಲಿ ಒಂದು ತೊಡಕಿದೆ ಎಂಬುದನ್ನು ಹೇಳಲೇಬೇಕು, ಏಕೆಂದರೆ ಅದನ್ನು ಬಿಡಿಸಿಕೊಳ್ಳದೆ ಮುಂದಿನ ಯಾವ ಮಾತೂ ಸರಿಹೋಗುವುದಿಲ್ಲ.

ಮೂರೂ ರೈಫಲ್‌ಗಳ ಹೊಟ್ಟೆಯಲ್ಲಿ ಇರುವುದು ಒಂದೇ ಯಂತ್ರ. ಉಕ್ಕಿನ ಸುರುಳಿ ಸ್ಪ್ರಿಂಗು, ಅದರ ಮುಂದೆ ಪಿಸ್ಟನ್ನು, ಪಿಸ್ಟನ್ನಿನ ಮೂತಿಗೆ ಒಂದು ಸೀಲು. ಸನ್ನೆಯನ್ನು ಎಳೆದಾಗ ಪಿಸ್ಟನ್ ಹಿಂದಕ್ಕೆ ಸರಿದು ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ; ಟ್ರಿಗರ್ ಒತ್ತಿದಾಗ ಬಿಡುಗಡೆಯಾಗಿ ಮುಂದಕ್ಕೆ ನುಗ್ಗಿ, ತನ್ನ ಮುಂದಿನ ಗಾಳಿಯನ್ನು ಕ್ಷಣಾರ್ಧದಲ್ಲಿ ಅದುಮಿ, ಆ ಒತ್ತಡದಿಂದ ಪೆಲೆಟ್ಟನ್ನು ತಳ್ಳುತ್ತದೆ. ಬ್ರೇಕ್ ಬ್ಯಾರೆಲ್, ಅಂಡರ್‌ಲಿವರ್, ಸೈಡ್‌ಲಿವರ್ ಎಂಬ ಭೇದವೆಲ್ಲ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುವ ಸನ್ನೆ ಎಲ್ಲಿದೆ, ಪೆಲೆಟ್ ತುಂಬಲು ನಳಿಗೆಯ ಬಾಯಿ ಹೇಗೆ ತೆರೆದುಕೊಳ್ಳುತ್ತದೆ ಎಂಬಲ್ಲಿಗೆ ಮುಗಿಯಿತು.

ಪೆಲೆಟ್ಟಿಗೆ ಸಿಗುವುದು ಸ್ಪ್ರಿಂಗಿನಲ್ಲಿ ನೀವು ತುಂಬಿದ ಶಕ್ತಿಯ ಸುಮಾರು ಮೂರನೇ ಒಂದು ಭಾಗ ಮಾತ್ರ, ಉಳಿದದ್ದು ಶಾಖವಾಗಿ, ಅದುರಾಟವಾಗಿ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್ ರೈಫಲ್ಲಿನ ಶಕ್ತಿಯ ಮಿತಿ 12 ಅಡಿ-ಪೌಂಡ್, ಅಂದರೆ ಸುಮಾರು 16.3 ಜೂಲ್. ಆ ಮಿತಿಯ ಹತ್ತಿರದ ರೈಫಲ್ಲಿಗೆ ಪ್ರತಿ ಹೊಡೆತಕ್ಕೂ ನಿಮ್ಮ ತೋಳು ಅದರ ಮೂರು ಪಟ್ಟು ಕೆಲಸ ಮಾಡಬೇಕು. ಸನ್ನೆ ಎಲ್ಲಿಯೇ ಇರಲಿ, ಅದರಿಂದ ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ. ಎಚ್‌ಡಬ್ಲ್ಯು 97 ಆ ಮಿತಿಯವರೆಗೆ ಕಟ್ಟಿದ ರೈಫಲ್. ಎಚ್‌ಡಬ್ಲ್ಯು 30ಎಸ್ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಶಕ್ತಿಯದ್ದು. ಆದ್ದರಿಂದ ನಿಮ್ಮ ಮಣಿಕಟ್ಟು ಗುರುತಿಸಿದ್ದು ಎರಡು ವಿಧಾನಗಳ ನಡುವಿನ ವ್ಯತ್ಯಾಸವನ್ನಲ್ಲ, ಎರಡು ಸ್ಪ್ರಿಂಗುಗಳ ನಡುವಿನ ವ್ಯತ್ಯಾಸವನ್ನು. ಪೂರ್ಣ ಶಕ್ತಿಯ ಎಚ್‌ಡಬ್ಲ್ಯು 95 ಎಂಬ ಬ್ರೇಕ್ ಬ್ಯಾರೆಲ್ಲನ್ನು ಒಮ್ಮೆ ಎಳೆದು ನೋಡಿ. 97 ಕಷ್ಟವಾದ ಕೈಗೆ ಅದೂ ಸುಲಭವಾಗುವುದಿಲ್ಲ. ಮೊದಲು ಎಷ್ಟು ಶಕ್ತಿ ಬೇಕೆಂದು ನಿರ್ಧರಿಸಬೇಕು, ವಿಧಾನದ ಆಯ್ಕೆ ಅದರ ನಂತರದ್ದು.

ಇನ್ನು ನಿಖರತೆ. ಬ್ರೇಕ್ ಬ್ಯಾರೆಲ್ಲಿನಲ್ಲಿ ನಳಿಗೆ ಪ್ರತಿ ಬಾರಿಯೂ ಮಡಚಿ ಮತ್ತೆ ಅದೇ ಜಾಗಕ್ಕೆ ಬಂದು ಕೂರಬೇಕು. ನಳಿಗೆಯ ತುದಿ ಹತ್ತನೇ ಒಂದು ಮಿ.ಮೀ. ಸರಿದು ಕೂತರೂ 25 ಮೀಟರ್ ದೂರದಲ್ಲಿ ಹೊಡೆತ ಸುಮಾರು 6 ಮಿ.ಮೀ. ಪಕ್ಕಕ್ಕೆ ಬೀಳುತ್ತದೆ. ನಳಿಗೆ ಕದಲಬಾರದು ಎನ್ನುವವರ ಮಾತಿಗೆ ಆಧಾರ ಇದೇ. ಆದರೆ ಇದರಲ್ಲಿ ಹೆಚ್ಚಿನವರು ಗಮನಿಸದ ಅಂಶವೊಂದಿದೆ. 30ಎಸ್‌ನಲ್ಲಿ ಹಿಂದಿನ ತೆರೆದ ಸೈಟು (ಗುರಿ ನೋಡುವ ಕಿಂಡಿ) ನಳಿಗೆಯ ಬುಡದ ಉಕ್ಕಿನ ಮೇಲೆಯೇ ಕೂತಿದೆ, ಮುಂದಿನದು ನಳಿಗೆಯ ತುದಿಯಲ್ಲಿದೆ. ನಳಿಗೆ ಎಲ್ಲಿಗೆ ಕೂತರೂ ಎರಡೂ ಅದರ ಜೊತೆಗೇ ಹೋಗುತ್ತವೆ, ಹಾಗಾಗಿ ಮುಚ್ಚುವಾಗಿನ ಸಣ್ಣ ಅಂತರ ಗುರಿಯನ್ನು ಕೆಡಿಸುವುದಿಲ್ಲ. ದುರ್ಬೀನನ್ನು ಹಿಂಬದಿಯ ಕೊಳವೆಯ ಮೇಲೆ ಕೂರಿಸಿದಾಗ ಮಾತ್ರ ದುರ್ಬೀನು ಒಂದು ಕಡೆ, ನಳಿಗೆ ಇನ್ನೊಂದು ಕಡೆ ಆಗುವ ಸಂಭವ ಬರುತ್ತದೆ. ಬಿಗಿಯಾದ ಕೀಲು ಇರುವ ಒಳ್ಳೆಯ ರೈಫಲ್ಲಿನಲ್ಲಿ ಅದೂ ಅತಿ ಕಡಿಮೆ.

ಹಾಗಾದರೆ ನಿಮ್ಮ ಪೆಲೆಟ್‌ಗಳು ಚದುರಿದ್ದೇಕೆ? ಸ್ಪ್ರಿಂಗ್ ರೈಫಲ್ ಎರಡು ಸಲ ಒದೆಯುತ್ತದೆ: ಪಿಸ್ಟನ್ ಹೊರಟಾಗ ಹಿಂದಕ್ಕೆ, ಅದು ಗಾಳಿಯ ದಿಂಬಿಗೆ ಬಡಿದಾಗ ಮುಂದಕ್ಕೆ. ಪೆಲೆಟ್ ನಳಿಗೆಯೊಳಗಿರುವಾಗಲೇ ಇದೆಲ್ಲ ನಡೆಯುವುದರಿಂದ, ನೀವು ಹಿಡಿದ ಬಿಗಿ ಪ್ರತಿ ಸಲವೂ ಒಂದೇ ಆಗಿರದಿದ್ದರೆ ರೈಫಲ್ ಪ್ರತಿ ಸಲವೂ ಬೇರೆ ರೀತಿಯಲ್ಲಿ ಅದುರುತ್ತದೆ. ಹಗುರವಾದ ರೈಫಲ್ ಕೈಯ ತಪ್ಪನ್ನು ಬೇಗ ಹೊರಗೆಡಹುತ್ತದೆ. ನಾಲ್ಕು ಕಿಲೋ ತೂಗುವ 97 ತನ್ನ ಭಾರದಿಂದಲೇ ಆ ತಪ್ಪನ್ನು ನುಂಗಿಕೊಳ್ಳುತ್ತದೆ. ಮುಂಗೈಯನ್ನು ಚಾಚಿ ಅಂಗೈಯ ಮೇಲೆ ರೈಫಲ್ ಸುಮ್ಮನೆ ಮಲಗಿರುವಂತೆ ಬಿಡಿ, ಬೆರಳುಗಳಿಂದ ಅದುಮಬೇಡಿ. ಹೀಗೆ ಇನ್ನೂರು ಹೊಡೆತ ಹೊಡೆದ ಮೇಲೆ 30ಎಸ್‌ನ ಗುಂಪನ್ನು ಮತ್ತೊಮ್ಮೆ ಅಳೆಯಿರಿ.

ಎಡಗೈಯವರಿಗೆ ಬ್ರೇಕ್ ಬ್ಯಾರೆಲ್ಲಿನಲ್ಲಿ ಯಾವ ತೊಂದರೆಯೂ ಇಲ್ಲ, ಅದರ ಕೆಲಸ ಎರಡೂ ಪಕ್ಕಕ್ಕೆ ಸಮ. ಮಧ್ಯಮ ಶಕ್ತಿಯ ಬ್ರೇಕ್ ಬ್ಯಾರೆಲ್ಲನ್ನೇ ಕೊಳ್ಳಿ ಎಂಬುದು ನನ್ನ ಸ್ಪಷ್ಟ ಸಲಹೆ.

ಹುಲ್ಲುಗಾವಲು (ಈಸ್ಟ್ ಸಸೆಕ್ಸ್)

ಮೇಲಿನ ಹಿರಿಯರ ವಿವರಣೆಯನ್ನು ಗೌರವದಿಂದ ಒಪ್ಪುತ್ತೇನೆ, ಕೊನೆಯ ಸಲಹೆಯನ್ನು ಮಾತ್ರ ಒಪ್ಪಲಾರೆ. ನಾನು ಒಂಬತ್ತು ವರ್ಷಗಳಿಂದ ಎಚ್‌ಎಫ್‌ಟಿ ಆಡುತ್ತಿದ್ದೇನೆ, ನಮ್ಮ ಜಿಲ್ಲೆಯ ಹೇಲ್‌ಶಮ್‌ನಲ್ಲೇ ತಯಾರಾಗುವ ಏರ್ ಆರ್ಮ್ಸ್ ಟಿಎಕ್ಸ್ 200 ಎಂಬ ಅಂಡರ್‌ಲಿವರ್‌ನಿಂದ. ಅಕ್ಕ, ನೀವು ಮುಂದೆ ಹೋಗಬೇಕೆಂದಿರುವುದು ಎಚ್‌ಎಫ್‌ಟಿಗೆ ಎಂದಾದರೆ ಆ ಆಟಕ್ಕೆ ಏನು ಬೇಕೆಂಬುದನ್ನು ಈಗಲೇ ಯೋಚಿಸುವುದು ಒಳ್ಳೆಯದು.

ಆ ಆಟದಲ್ಲಿ ಸಾಮಾನ್ಯವಾಗಿ ಮೂವತ್ತು ಗುರಿಗಳಿರುತ್ತವೆ, 8 ಗಜದಿಂದ 45 ಗಜದವರೆಗೆ ಬೇರೆ ಬೇರೆ ದೂರದಲ್ಲಿ. ಲೋಹದ ಫಲಕದ ನಡುವಿನ ತೂತು 15 ಮಿ.ಮೀ.ನಿಂದ 45 ಮಿ.ಮೀ. ಅಗಲವಿರುತ್ತದೆ, ಪೆಲೆಟ್ ಅದರೊಳಗೆ ಹೋಗಿ ಫಲಕ ಮಗುಚಿದರೆ ಎರಡು ಅಂಕ, ಫಲಕಕ್ಕೆ ಬಡಿದು ಅದು ನಿಂತೇ ಇದ್ದರೆ ಒಂದು ಅಂಕ, ಪೂರ್ತಿ ತಪ್ಪಿದರೆ ಸೊನ್ನೆ. ದೂರವನ್ನು ಕಣ್ಣಳತೆಯಿಂದಲೇ ಅಂದಾಜು ಮಾಡಬೇಕು. ಪೂರ್ಣ ಶಕ್ತಿಯ ರೈಫಲ್ಲಿನ ಪೆಲೆಟ್ 40 ಗಜ ತಲುಪುವಷ್ಟರಲ್ಲಿ ನಳಿಗೆಯ ನೇರದಿಂದ ಸುಮಾರು 13–14 ಸೆಂ.ಮೀ. ಕೆಳಗಿಳಿದಿರುತ್ತದೆ, 30ಎಸ್‌ನಂಥ ಮೆಲ್ಲಗಿನ ರೈಫಲ್ಲಿನದ್ದು 20 ಸೆಂ.ಮೀ.ಗೂ ಹೆಚ್ಚು ಇಳಿದಿರುತ್ತದೆ. ದೂರದ ಅಂದಾಜು ನಾಲ್ಕೈದು ಗಜ ತಪ್ಪಿದರೂ ಪೂರ್ಣ ಶಕ್ತಿಯ ರೈಫಲ್ ಒಂದಿಷ್ಟು ಕ್ಷಮಿಸುತ್ತದೆ, ಇನ್ನೊಂದು ಕ್ಷಮಿಸುವುದಿಲ್ಲ. ಹೀಗಾಗಿ ಇಂದು 30ಎಸ್ ಕೊಂಡರೆ ಒಂದೆರಡು ವರ್ಷದಲ್ಲಿ ಮತ್ತೊಂದು ರೈಫಲ್ ಕೊಳ್ಳುವುದು ಖಚಿತ.

ಭಾರದ ಮಾತು. ಟಿಎಕ್ಸ್ 200 ದುರ್ಬೀನಿಲ್ಲದೆಯೇ ನಾಲ್ಕು ಕಿಲೋಗಿಂತ ಹೆಚ್ಚು ತೂಗುತ್ತದೆ. ನಿಂತು ಹೊಡೆಯುವಾಗ ಅದು ಭಾರವೇ, ಸುಳ್ಳು ಹೇಳುವುದಿಲ್ಲ. ಆದರೆ ಎಚ್‌ಎಫ್‌ಟಿಯ ಹೆಚ್ಚಿನ ಹೊಡೆತಗಳು ನೆಲದ ಮೇಲೆ ಬೋರಲಾಗಿ ಮಲಗಿ ಹೊಡೆಯುವಂಥವು. ಅಲ್ಲಿ ಭಾರ ತೋಳಿನ ಮೇಲಲ್ಲ, ನೆಲದ ಮೇಲೆ. ಸನ್ನೆಯನ್ನು ಎಳೆಯುವ ರೀತಿಯೂ ಮುಖ್ಯ. ಹೊಸಬರು ಮಣಿಕಟ್ಟು ಮಡಿಸಿ ಎಳೆಯುತ್ತಾರೆ. ರೈಫಲ್ಲಿನ ಹಿಂಭಾಗವನ್ನು ತೊಡೆಯ ಸಂದಿಗೆ ಆನಿಸಿ, ಸನ್ನೆಯ ತುದಿಯನ್ನು ಹಿಡಿದು, ಮೊಣಕೈ ಮತ್ತು ಬೆನ್ನಿನಿಂದ ಒಂದೇ ಸಮನೆ ಎಳೆಯಬೇಕು. ಬಾವಿಯಿಂದ ಕೊಡ ಸೇದಿದವರಿಗೆ ಈ ಎಳೆತ ಕೈಗೆ ಬೇಗ ಬರುತ್ತದೆ. ಹೀಗೆ ಮಾಡಿದರೆ ನಿಮ್ಮ ಮಣಿಕಟ್ಟಿನ ನೋವು ಅರ್ಧಕ್ಕರ್ಧ ಇಳಿಯಬಹುದು.

ಬೆರಳಿನ ಸುರಕ್ಷತೆಯ ಬಗ್ಗೆ ಕೇಳಿದ್ದೀರಿ. ಈ ಬಗೆಯ ಅಂಡರ್‌ಲಿವರ್‌ಗಳಲ್ಲಿ ಸನ್ನೆ ಎಳೆದಾಗ ಪಿಸ್ಟನ್ ಇರುವ ಕೊಳವೆಯೇ ಹಿಂದಕ್ಕೆ ಜಾರಿ ನಳಿಗೆಯ ಬಾಯಿ ತೆರೆಯುತ್ತದೆ, ಬೆರಳನ್ನು ಆ ಸಂದಿನೊಳಗೆ ಇಟ್ಟು ಪೆಲೆಟ್ ಕೂರಿಸಬೇಕು. ಟಿಎಕ್ಸ್ 200ರಲ್ಲಿ ಕೊಳವೆ ಜಾರುವ ದಾರಿಯಲ್ಲಿ ಹಲ್ಲುಕಟ್ಟಿನ ತಡೆಯಿದೆ; ಗುಂಡಿಯನ್ನು ಒತ್ತುವವರೆಗೆ ಅದು ಮುಂದಕ್ಕೆ ಬರಲು ಬಿಡುವುದಿಲ್ಲ. ಆದರೂ ಒಂದು ಕೈ ಸನ್ನೆಯನ್ನು ಬಿಡದೆ ಹಿಡಿದಿರಬೇಕು, ಇನ್ನೊಂದು ಕೈ ಪೆಲೆಟ್ ತುಂಬಬೇಕು. ನಿಮ್ಮ ವಿಷಯದಲ್ಲಿ ಬಲಗೈ ಸನ್ನೆಯ ಮೇಲೆ, ಎಡಗೈ ಪೆಲೆಟ್ಟಿನ ಮೇಲೆ. ಸಣ್ಣ ಬೆರಳಿನವರಿಗೆ ಆ ಸಂದು ಕಿರಿದು ಎನಿಸುವುದಿಲ್ಲ.

ಕಾಫಿಕಣ (ಮಡಿಕೇರಿ ತಾಲ್ಲೂಕು)

ಮಗಳೇ, ನಮ್ಮ ಕಡೆಯವಳೆಂದು ಓದಿ ಸಂತೋಷವಾಯಿತು. ನನಗೆ ಎಪ್ಪತ್ತೊಂದು ವರ್ಷ. ಕೈಲ್ ಮುಹೂರ್ತದ (ಕೊಡಗಿನ ಆಯುಧ ಪೂಜೆಯ ಹಬ್ಬದ) ಹೊತ್ತಿಗೆ ನಮ್ಮಲ್ಲಿ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಸ್ಪರ್ಧೆ ನಡೆಯುವುದನ್ನು ನೀನು ನೋಡಿಯೇ ಇರುತ್ತೀಯ. ದೊಡ್ಡ ಕೋವಿಗಳ ಜೊತೆ ಏರ್‌ಗನ್ ವಿಭಾಗವೂ ಇರುತ್ತದೆ, ಅದರಲ್ಲಿ ಹೆಣ್ಣುಮಕ್ಕಳು ಎಷ್ಟೋ ಸಲ ನಮ್ಮನ್ನು ಸೋಲಿಸಿದ್ದಾರೆ. ಅಲ್ಲಿ ನಾನು ಕಂಡಿರುವುದೆಲ್ಲ ನಳಿ ಮಡಚುವ ಏರ್‌ಗನ್ನುಗಳೇ. ನಮ್ಮ ದೇಶದಲ್ಲಿ ತಯಾರಾಗುವ ಸ್ಪ್ರಿಂಗ್ ಏರ್‌ಗನ್ನುಗಳಲ್ಲಿ ಬಹುಪಾಲು ಅಂಥವೇ ಆದ್ದರಿಂದ ಸನ್ನೆ ಎಲ್ಲಿರಬೇಕೆಂಬ ಪ್ರಶ್ನೆ ನಮಗೆ ಏಳುವುದು ಕಡಿಮೆ. ಇಲ್ಲಿ ಲೈಸೆನ್ಸ್ ಬೇಡದ ಮಿತಿ 4.5 ಮಿ.ಮೀ. ನಳಿ ಮತ್ತು 20 ಜೂಲ್ ಶಕ್ತಿ. ನೀನು ಊರಿಗೆ ಬಂದಾಗ ಅಲ್ಲಿಯ ಲೆಕ್ಕವನ್ನು ಇಲ್ಲಿಗೆ ಹಾಕಬಾರದು ಎಂದು ಇದನ್ನು ಹೇಳಿದೆ.

ನನ್ನ ಬಳಿ ನಲವತ್ತು ವರ್ಷದ ಹಳೆಯ ಏರ್‌ಗನ್ನೊಂದಿದೆ. ಪಿಸ್ಟನ್ನಿಗೆ ಚರ್ಮದ ವಾಷರು. ಮಳೆಗಾಲ ಮುಗಿದ ಮೇಲೆ ಅದನ್ನು ಮಡಚಿದರೆ ನಳಿಯ ಕೀಲಿನಲ್ಲಿ ಮೊದಲಿಲ್ಲದ ಒಂದು ಸಡಿಲ ಕೈಗೆ ತಾಗುತ್ತಿತ್ತು, ಹೊಡೆತ ಒಂದು ದಿನ ಇದ್ದಲ್ಲಿ ಇನ್ನೊಂದು ದಿನ ಇರುತ್ತಿರಲಿಲ್ಲ. ಕೋವಿಯೇ ಕೆಟ್ಟಿತೆಂದು ಎರಡು ವರ್ಷ ಮೂಲೆಗೆ ನಿಲ್ಲಿಸಿದ್ದೆ. ಆಮೇಲೆ ಪೊನ್ನಂಪೇಟೆಯ ಕಡೆಯ ಒಬ್ಬ ಕಮ್ಮಾರರು ತೋರಿಸಿಕೊಟ್ಟ ಪರೀಕ್ಷೆಯನ್ನು ನಿನಗೂ ಹೇಳುತ್ತೇನೆ. ಸ್ಪ್ರಿಂಗನ್ನು ಎಳೆದು ಕೂರಿಸು, ನಳಿ ತೆರೆದೇ ಇರಲಿ, ಒಂದು ಕೈ ನಳಿಯನ್ನು ಬಿಡದಿರಲಿ, ಬೆರಳು ಕುದುರೆಯ (ಟ್ರಿಗರಿನ) ಹತ್ತಿರ ಸುಳಿಯದಿರಲಿ. ಈಗ ನಳಿಯನ್ನು ಅರ್ಧಕ್ಕೆ ತಂದು ಹಿಡಿತ ಸಡಿಲಿಸು. ಅದು ತನ್ನ ಭಾರಕ್ಕೆ ತಾನೇ ಕೆಳಗೆ ಬಿದ್ದರೆ ಕೀಲಿನ ಸ್ಕ್ರೂ ಸಡಿಲವಾಗಿದೆ. ನಿಲ್ಲಿಸಿದ ಜಾಗದಲ್ಲೇ ನಿಂತರೆ ಸರಿಯಾಗಿದೆ. ನನ್ನದು ಬಿದ್ದಿತು. ಸ್ಕ್ರೂವನ್ನು ಅರ್ಧ ಸುತ್ತಿಗಿಂತ ಕಡಿಮೆ ಬಿಗಿ ಮಾಡಿದ್ದಕ್ಕೇ ಹಳೆಯ ಗುರಿ ಮರಳಿ ಬಂತು. ಎರಡನೆಯದು, ನಳಿ ಮುಚ್ಚುವ ಸಂದಿಯ ಮೇಲೆ ತೆಳ್ಳನೆಯ ಕಾಗದದ ಪಟ್ಟಿಯೊಂದನ್ನು ಇಟ್ಟು ಹೊಡೆ. ಕಾಗದ ಹಾರಿದರೆ ಗಾಳಿ ಸೋರುತ್ತಿದೆ, ಅಲ್ಲಿಯ ವಾಷರನ್ನು ಬದಲಾಯಿಸಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಈ ಎರಡನ್ನೂ ಮಾಡದೆ ಹಣ ಕೊಡಬೇಡ.

ಪೆಲೆಟ್ ಇಲ್ಲದೆ ಬರಿದೇ ಕುದುರೆ ಎಳೆಯಬಾರದು, ಪಿಸ್ಟನ್ ಗಾಳಿಯ ತಡೆಯಿಲ್ಲದೆ ಗೋಡೆಗೆ ಬಡಿದು ಸೀಲು ಹಾಳಾಗುತ್ತದೆ. ಪಿಸ್ಟನ್ನಿನ ಮುಂದಕ್ಕೆ ಸಿಕ್ಕ ಸಿಕ್ಕ ಎಣ್ಣೆ ಬಿಡಬಾರದು. ಗಾಳಿ ಅದುಮಿದ ಶಾಖಕ್ಕೆ ಆ ಎಣ್ಣೆ ಹೊತ್ತಿ ಹೊಗೆ ಬರುತ್ತದೆ, ಸ್ಪ್ರಿಂಗಿಗೂ ಕೆಡುಕು. ಹಕ್ಕಿ ಪಕ್ಷಿಗಳ ಮೇಲೆ ಯಾವತ್ತೂ ಎತ್ತಬಾರದು. ಮಗನಿಗೂ ಮೊದಲ ಪಾಠ ಇದೇ ಆಗಲಿ.

ಲೇತ್_ಕೆಲಸ (ಲೆಸ್ಟರ್)

ಮಡಿಕೇರಿಯ ಹಿರಿಯರು ಹೇಳಿದ ಕೀಲಿನ ಪರೀಕ್ಷೆಯನ್ನು ನಾನೂ ಪ್ರತಿ ಬ್ರೇಕ್ ಬ್ಯಾರೆಲ್ ಮೇಲೂ ಮಾಡುತ್ತೇನೆ.

ಸೈಡ್‌ಲಿವರ್ ಬಗ್ಗೆ ಯಾರೂ ಬರೆಯಲಿಲ್ಲ, ಅದನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ಜರ್ಮನಿಯ ಓಬರ್ನ್‌ಡಾರ್ಫಿನ ಫೈನ್‌ವೆರ್ಕ್‌ಬೌ ಕಂಪನಿಯ 300ಎಸ್ ಎಂಬ ಸೈಡ್‌ಲಿವರ್ 10 ಮೀಟರ್ ಸ್ಪರ್ಧೆಗಳನ್ನು ಬಹುಕಾಲ ಆಳಿತು. ಅದರಲ್ಲಿ ಟ್ರಿಗರ್ ಒತ್ತಿದಾಗ ನಳಿಗೆಯೂ ಯಂತ್ರವೂ ಸೇರಿ ಹಳಿಯ ಮೇಲೆಂಬಂತೆ ಹಿಂದಕ್ಕೆ ಜಾರುತ್ತವೆ, ಭುಜಕ್ಕೆ ಒದೆತವೇ ತಾಗುವುದಿಲ್ಲ. ಸ್ಪ್ರಿಂಗ್ ರೈಫಲ್‌ಗಳಲ್ಲಿ ಅಷ್ಟು ಮೃದುವಾದುದನ್ನು ನಾನು ಬೇರೆ ಕಂಡಿಲ್ಲ. ಮೇಜಿನ ಮೇಲೆ ರೈಫಲ್ಲನ್ನು ಊರಿಟ್ಟು ಹೊಡೆಯುವವರಿಗೆ ಸೈಡ್‌ಲಿವರ್ ಬಹಳ ಅನುಕೂಲ, ಏಕೆಂದರೆ ಕಾಕ್ ಮಾಡಲು ರೈಫಲ್ಲನ್ನು ಮೇಜಿನಿಂದ ಎತ್ತಬೇಕಿಲ್ಲ. ಎಡಗೈಯವರಿಗೆ ಅದು ಪೂರ್ತಿ ಒಗ್ಗದು ಎನ್ನುವುದೂ ಸರಿಯಲ್ಲ: ಎಡಗೈ ಹಿಡಿಕೆಯಲ್ಲೇ ಇದ್ದು ಬಲಗೈ ಸನ್ನೆಯನ್ನು ಎಳೆಯಬಹುದು. ಆದರೆ ಆಗ ಎಳೆಯುವ ಕೆಲಸವೆಲ್ಲ ಉಳುಕಿದ ನಿಮ್ಮ ಬಲ ಮಣಿಕಟ್ಟಿಗೇ ಬೀಳುತ್ತದೆ, ಜೊತೆಗೆ ಸನ್ನೆಯ ಭಾರ ಒಂದೇ ಪಕ್ಕಕ್ಕಿರುವುದರಿಂದ ನಿಂತು ಹೊಡೆಯುವಾಗ ರೈಫಲ್ ಬಲಕ್ಕೆ ವಾಲುತ್ತಲೇ ಇರುತ್ತದೆ. ಆ ಕಾರಣಕ್ಕೆ ನಿಮಗೆ ಬೇಡ ಎನ್ನುತ್ತೇನೆ.

ಸಸೆಕ್ಸಿನವರು ಹೇಳಿದ ಹಲ್ಲುಕಟ್ಟಿನ ತಡೆ ಎಲ್ಲ ಅಂಡರ್‌ಲಿವರ್‌ಗಳಲ್ಲೂ ಇರುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಅಗ್ಗದ ಅಂಡರ್‌ಲಿವರ್ ಒಂದನ್ನು ದುರಸ್ತಿಗೆ ತೆರೆದಿದ್ದೆ, ಕಂಪನಿಯ ಹೆಸರು ಬೇಡ. ಕೊಕ್ಕೆಯ ಅಂಚು ಸವೆದಿತ್ತು. ಪೆಲೆಟ್ ತುಂಬುವಾಗ ಸನ್ನೆಯಿಂದ ಎಡಗೈ ತೆಗೆದೆ, ಕೊಳವೆ ಜಾರಿ ಬಂದು ನನ್ನ ಬಲ ಹೆಬ್ಬೆರಳನ್ನು ಕಚ್ಚಿತು. ಮೂಳೆ ಉಳಿಯಿತು, ಉಗುರು ಕಪ್ಪಾಗಿ ತಿಂಗಳ ನಂತರ ಕಳಚಿ ಬಿತ್ತು, ಹೊಸದು ಇಂದಿಗೂ ಸೊಟ್ಟಗೇ ಬೆಳೆಯುತ್ತದೆ. ಬೆರಳು ಸಂದಿಗೆ ಹೋಗದಂಥ ಅಂಡರ್‌ಲಿವರ್‌ಗಳೂ ಇವೆ. ನಿಮ್ಮ ಪಕ್ಕದ ಬರ್ಮಿಂಗ್‌ಹ್ಯಾಮ್‌ನಲ್ಲಿ ಲಿಂಕನ್ ಜೆಫ್ರೀಸ್ ರೂಪಿಸಿ, 1905ರಿಂದ ಬಿಎಸ್‌ಎ ಕಂಪನಿ ತಯಾರಿಸಿದ ರೈಫಲ್ಲಿನಲ್ಲಿ ತಿರುಗುವ ನಲ್ಲಿಯಂಥ ಬಾಯಿಯಿತ್ತು, ಅದರೊಳಗೆ ಪೆಲೆಟ್ ಬಿಟ್ಟು ತಿರುಗಿಸಿದರೆ ಮುಗಿಯಿತು. ಆ ಕಂಪನಿಯ 1948ರ ಏರ್‌ಸ್ಪೋರ್ಟರ್‌ನಲ್ಲೂ ಅದೇ ಪದ್ಧತಿ. ಬೆರಳಿಗೆ ಕ್ಷೇಮ, ಆದರೆ ಪೆಲೆಟ್ ನಳಿಗೆಯ ಒಳಗಿನ ಸುರುಳಿ ಗೆರೆಗಳಿಗೆ ಹೆಬ್ಬೆರಳಿನಿಂದ ಒತ್ತಿದಂತೆ ಕೂರುವುದಿಲ್ಲ. ಬ್ರೇಕ್ ಬ್ಯಾರೆಲ್ಲಿನಲ್ಲಿ ನಳಿಗೆಯ ಬಾಯಿ ನಿಮ್ಮ ಕಣ್ಣೆದುರಿಗೇ ಬರುತ್ತದೆ, ಪೆಲೆಟ್ಟಿನ ಅಂಚು ಓರೆಯಾಗಿ ಕೂತಿದ್ದರೆ ಕಾಣುತ್ತದೆ. ಹೊಸಬರಿಗೆ ಇದು ದೊಡ್ಡ ಅನುಕೂಲ. ಆದರೆ ಅಲ್ಲಿಯೂ ತೆರೆದ ನಳಿಗೆಯನ್ನು ಕೈ ಬಿಡಬಾರದು. ಆ ಸ್ಥಿತಿಯಲ್ಲಿ ಟ್ರಿಗರ್ ಬಿಟ್ಟುಕೊಂಡರೆ ನಳಿಗೆ ಮೇಲಕ್ಕೆ ಚಿಮ್ಮಿ ಬಡಿಯುತ್ತದೆ, ಬೆರಳಿಗೂ ಪೆಟ್ಟು, ನಳಿಗೆಯೂ ಬಾಗುತ್ತದೆ.

ಮಗನ ವಿಷಯ: ಇಂಗ್ಲೆಂಡಿನಲ್ಲಿ ಹದಿನಾಲ್ಕರೊಳಗಿನ ಮಕ್ಕಳು ಇಪ್ಪತ್ತೊಂದು ದಾಟಿದವರ ಕಣ್ಗಾವಲಿನಲ್ಲಿ ಮಾತ್ರ ಹೊಡೆಯಬಹುದು, ಹದಿನೆಂಟರೊಳಗಿನವರ ಕೈಗೆ ರೈಫಲ್ ತಾನಾಗಿ ಸಿಗದಂತೆ ನೋಡಿಕೊಳ್ಳುವುದು ನಿಮ್ಮ ಕಾನೂನುಬದ್ಧ ಹೊಣೆ. ಬೀಗವಿರುವ ಕಪಾಟು ರೈಫಲ್ಲಿಗಿಂತ ಮೊದಲೇ ಮನೆಗೆ ಬರಲಿ. ಸ್ಕಾಟ್‌ಲೆಂಡಿಗೆ ರೈಫಲ್ ಒಯ್ಯುವ ಯೋಚನೆಯಿದ್ದರೆ ಅಲ್ಲಿಯ ನಿಯಮ ಬೇರೆ. 2016ರ ಕೊನೆಯಿಂದ ಅಲ್ಲಿ ಏರ್ ರೈಫಲ್ಲಿಗೂ ಪೊಲೀಸರಿಂದ ಪ್ರಮಾಣಪತ್ರ ಬೇಕು.

ಎಡಗೈ_ಗುರಿ (ವುಲ್ವರ್‌ಹ್ಯಾಂಪ್ಟನ್)

ಮೂವರಿಗೂ ಮನಸಾರೆ ಕೃತಜ್ಞತೆಗಳು. ವಿಧಾನವನ್ನು ಹೋಲಿಸಬೇಕಾದರೆ ಶಕ್ತಿ ಒಂದೇ ಆಗಿರಬೇಕೆಂಬ ಮಾತು ನನಗೆ ಹೊಳೆದೇ ಇರಲಿಲ್ಲ. ಆದ್ದರಿಂದ ಕಳೆದ ಎರಡು ಭಾನುವಾರಗಳಲ್ಲಿ ಕ್ಲಬ್ಬಿನವರನ್ನು ಕೇಳಿ ಎಚ್‌ಡಬ್ಲ್ಯು 95, ಎಚ್‌ಡಬ್ಲ್ಯು 97, ಎಚ್‌ಡಬ್ಲ್ಯು 30ಎಸ್ ಮೂರನ್ನೂ ಬಳಸಿದೆ. ಒಂದೊಂದರಲ್ಲೂ ಅರವತ್ತು ಹೊಡೆತ, ಹತ್ತರಂತೆ ಆರು ಕಾಗದ, 25 ಗಜ, ಕುಳಿತು ಮೇಜಿನ ಮೇಲೆ ಮುಂಗೈ ಇಟ್ಟು, ಅಂಗೈ ಚಾಚಿ. 30ಎಸ್‌ಗೆ ಅದರ ತೆರೆದ ಸೈಟು, ಉಳಿದೆರಡಕ್ಕೆ ದುರ್ಬೀನು.

95ನ್ನು ಎಳೆಯುವುದು ನನಗೆ 97ಕ್ಕಿಂತಲೂ ಕಷ್ಟವಾಯಿತು. ಮೂವತ್ತಕ್ಕೆ ನಿಲ್ಲಿಸಿಬಿಟ್ಟೆ, ಹಾಗಾಗಿ ಅದರ ಲೆಕ್ಕ ಪೂರ್ತಿಯಿಲ್ಲ. 97ರಲ್ಲಿ ಸಸೆಕ್ಸಿನವರು ಹೇಳಿದಂತೆ ತೊಡೆಗೆ ಆನಿಸಿ ಬೆನ್ನಿನಿಂದ ಎಳೆದೆ. ಮಣಿಕಟ್ಟಿನ ನೋವು ನಿಜವಾಗಿಯೂ ಬಹಳ ಕಡಿಮೆಯಾಯಿತು. ಮೊದಲ ಹತ್ತು ಹೊಡೆತಗಳು 17 ಮಿ.ಮೀ. ಒಳಗೆ ಬಿದ್ದವು, ನಾನು ಇದುವರೆಗೆ ಹೊಡೆದವುಗಳಲ್ಲೇ ಅತ್ಯುತ್ತಮ ಗುಂಪು ಅದು. ಐದನೆಯ ಕಾಗದದಿಂದ ಅಗಲವಾಗುತ್ತ ಹೋಗಿ ಕೊನೆಯದು 36 ಮಿ.ಮೀ. ಆಯಿತು. 30ಎಸ್‌ನಲ್ಲಿ ಮೊದಲ ಕಾಗದ 29, ಕೊನೆಯದು 27. ದಣಿವು ಕಾಗದದ ಮೇಲೆ ಹೀಗೆ ಅಳತೆಯಾಗಿ ಕಾಣುತ್ತದೆಂದು ನಾನು ಎಣಿಸಿರಲಿಲ್ಲ.

ಆಲೋಚಿಸಿ ನೋಡಿದಾಗ, ಈ ವರ್ಷ ನಾನು ಕಲಿಯಬೇಕಿರುವುದು ಹಿಡಿತ ಮತ್ತು ಟ್ರಿಗರ್. ಅದಕ್ಕೆ ವಾರಕ್ಕೆ ನೂರಿನ್ನೂರು ಹೊಡೆತ ಬೇಕು, ನೂರಿನ್ನೂರು ಸಲ ಎಳೆಯಲು ನನ್ನ ಕೈ ಒಪ್ಪುವ ರೈಫಲ್ ಒಂದೇ. ಅದೂ ಅಲ್ಲದೆ ಮಗನ ಕೈಗೂ ಅದೇ ಹೊಂದುತ್ತದೆ. ಸಸೆಕ್ಸಿನ ತಮ್ಮ ಬೇಸರಿಸಬಾರದು: ಎಚ್‌ಎಫ್‌ಟಿಗೆ ಹೊರಡುವ ದಿನ ನಿಮ್ಮ ಮಾತಿನಂತೆ ಅಂಡರ್‌ಲಿವರನ್ನೇ ಹುಡುಕುತ್ತೇನೆ, ಆ ಮೊದಲ ಕಾಗದವನ್ನು ಎತ್ತಿಟ್ಟಿದ್ದೇನೆ.

ಕ್ಲಬ್ಬಿನ ಸದಸ್ಯರೊಬ್ಬರು ತಮ್ಮ 30ಎಸ್ ಮಾರುವವರಿದ್ದರು. ಮಡಿಕೇರಿಯ ಅಜ್ಜ ಹೇಳಿದ ಎರಡೂ ಪರೀಕ್ಷೆಗಳನ್ನು ಅವರೆದುರಿಗೇ ಮಾಡಿದೆ. ನಳಿಗೆಯನ್ನು ಅರ್ಧಕ್ಕೆ ತಂದು ಬಿಟ್ಟಾಗ ಅದು ನಿಧಾನವಾಗಿ ಕೆಳಗಿಳಿಯಿತು. ಅವರೇ ಸ್ಕ್ರೂಡ್ರೈವರ್ ತಂದು ಕೀಲನ್ನು ತುಸು ಬಿಗಿ ಮಾಡಿದರು, ಎರಡನೆಯ ಸಲ ಬಿಟ್ಟಲ್ಲೇ ನಿಂತಿತು. ಸಂದಿಯ ಮೇಲೆ ಇಟ್ಟ ಟಿಶ್ಯೂ ಕಾಗದದ ಪಟ್ಟಿ ಮೂರು ಹೊಡೆತಕ್ಕೂ ಅಲುಗಲಿಲ್ಲ. ಹಣ ಕೊಟ್ಟು ಬಂದಿದ್ದೇನೆ. ಬೀಗದ ಕಪಾಟು ಗುರುವಾರ ಬರುತ್ತದೆ, ಅಲ್ಲಿಯವರೆಗೆ ರೈಫಲ್ ಅವರ ಮನೆಯಲ್ಲೇ ಇರಲಿ ಎಂದು ಹೇಳಿದ್ದೇನೆ.